ಬಿಡುವುದು ಮತ್ತು ಬಿಟ್ಟುಕೊಡುವುದು

(ಆಕಾಶವಾಣಿಯಿಂದ ಪ್ರಸಾರವಾದ ಭಾಷಣದ ಪಾಠ)



ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಆ ಭಾಷೆಯ ದೊಡ್ಡ ದೊಡ್ಡ ಶಬ್ದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹತ್ತು ಹನ್ನೆರಡು ಅಕ್ಷರಗಳ ಶಬ್ದವೊಂದು ಎದುರಾದರೆ ನಿಘಂಟನ್ನು ತೆರೆದು ನೋಡಬಹುದು. ಅದಕ್ಕೆ ಒಂದೋ ಎರಡೋ ಅರ್ಥಗಳಿರುತ್ತವೆ. ಬರೆದುಕೊಂಡರೆ ಕೆಲಸ ಮುಗಿಯಿತು. ನಿಜವಾದ ತೊಡಕು ಇರುವುದು ಸಣ್ಣ ಶಬ್ದಗಳಲ್ಲಿ. ‘ಗಿವ್’ ಎಂದರೆ ಕೊಡು ಎಂಬುದು ಐದನೆಯ ಇಯತ್ತೆಯ ಹುಡುಗನಿಗೂ ಗೊತ್ತು. ‘ಅಪ್’ ಎಂದರೆ ಮೇಲೆ ಎಂಬುದೂ ಗೊತ್ತು. ಆದರೆ ಇವೆರಡೂ ಕೂಡಿ ‘ಗಿವ್ ಅಪ್’ ಆದಾಗ ಅಲ್ಲಿ ಕೊಡುವುದೂ ಕಾಣುವುದಿಲ್ಲ, ಮೇಲೆಂಬುದೂ ಕಾಣುವುದಿಲ್ಲ. ‘ಬಿಡು’ ಎಂಬ ಮೂರನೆಯ ಅರ್ಥವೊಂದು ಎಲ್ಲಿಂದಲೋ ಬಂದು ನಿಲ್ಲುತ್ತದೆ. ಬೈಲಹೊಂಗಲದ ಹುಡುಗನಾಗಲಿ ರಾಮದುರ್ಗದ ಹುಡುಗಿಯಾಗಲಿ ಪುಸ್ತಕ ಮುಚ್ಚಿಡುವುದು ಸಾಮಾನ್ಯವಾಗಿ ಇಂಥ ಜಾಗದಲ್ಲಿಯೇ.

ಈ ತೊಡಕು ನಮಗೆ ಮಾತ್ರ ಕಂಡದ್ದಲ್ಲ. 1755ರಲ್ಲಿ ತನ್ನ ಹೆಸರಾಂತ ನಿಘಂಟನ್ನು ಹೊರತಂದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಹಿಂದೆ ಸಣ್ಣ ಅವ್ಯಯವೊಂದು ಬಂದು ಸೇರಿ ಅರ್ಥವನ್ನೇ ಬದಲಿಸುವ ಈ ಪದ್ಧತಿ ಪರಭಾಷಿಕರಿಗೆ ಅತ್ಯಂತ ಕಷ್ಟ ಕೊಡುವಂಥದು ಎಂದು ಅದರ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ರೂಢಿಗೆ ಬಂದದ್ದು ಬಹಳ ತಡವಾಗಿ, ಇಪ್ಪತ್ತನೆಯ ಶತಮಾನದಲ್ಲಿ. ಹೆಸರು ತಡವಾಗಿ ಬಂದರೂ ವಸ್ತು ಹಳೆಯದು. ಇಂಗ್ಲಿಷರ ಮನೆಮಾತೆಲ್ಲ ಇದರ ಮೇಲೆಯೇ ನಡೆದಿದೆ.

ಇಂದು ಈ ‘ಗಿವ್ ಅಪ್’ ಎಂಬುದನ್ನು ಮುಂದಿಟ್ಟುಕೊಂಡು ಮಾತನಾಡಲು ಒಂದು ಕಾರಣವಿದೆ. ನಮ್ಮ ತರುಣರ ಬಾಯಲ್ಲಿ ಇದು ಈಗ ಕನ್ನಡದ ಮಾತೇ ಆಗಿಬಿಟ್ಟಿದೆ. ‘ಗಿವ್ ಅಪ್ ಮಾಡಬ್ಯಾಡೋ’ ಎಂದು ಒಬ್ಬ ಹುಡುಗ ಇನ್ನೊಬ್ಬನಿಗೆ ಧೈರ್ಯ ಹೇಳುತ್ತಾನೆ. ಇಂಗ್ಲಿಷಿನ ಶಬ್ದ ಬಂದಿತೆಂದು ನಾನು ದುಃಖಿಸುವವನಲ್ಲ. ಕಚೇರಿ, ಜಮೀನು, ವಕೀಲ, ಬಸ್ಸು ಎಲ್ಲವೂ ಹೊರಗಿನಿಂದ ಬಂದು ನಮ್ಮವೇ ಆದವು. ಆದರೆ ಈ ಒಂದು ಮಾತು ಬಂದು ಕುಳಿತಾಗ ನಮ್ಮ ಎಷ್ಟು ಮಾತುಗಳು ಎದ್ದುಹೋಗುತ್ತವೆ, ಅವು ಎದ್ದುಹೋದರೆ ನಾವು ಹೇಳಲಾರದೆ ಉಳಿಯುವುದೇನು ಎಂಬುದನ್ನು ವಿಚಾರಿಸಬೇಕು.

ಮೊದಲು ಇಂಗ್ಲಿಷಿನ ಮರ್ಮವನ್ನು ನೋಡೋಣ. ‘ಅಪ್’ ಎಂಬುದಕ್ಕೆ ಮೇಲೆ ಎಂಬ ಅರ್ಥವಿರುವಂತೆಯೇ ‘ಪೂರ್ತಿಯಾಗಿ’ ಎಂಬ ಅರ್ಥವೂ ಇದೆ. ‘ಈಟ್’ ಎಂದರೆ ತಿನ್ನು. ‘ಈಟ್ ಅಪ್’ ಎಂದರೆ ತಟ್ಟೆಯಲ್ಲಿ ಏನೂ ಉಳಿಯದಂತೆ ತಿನ್ನು. ‘ಬರ್ನ್ ಅಪ್’ ಎಂದರೆ ಸುಟ್ಟು ಬೂದಿಯಾಗು. ಹಾಗೆಯೇ ‘ಗಿವ್ ಅಪ್’ ಎಂದರೆ ತನ್ನ ಕೈಯಲ್ಲಿ ಏನೂ ಉಳಿಯದಂತೆ ಕೊಟ್ಟುಬಿಡು. ಕೋಟೆಯನ್ನು, ಪಟ್ಟಣವನ್ನು, ಕೈದಿಯನ್ನು ಶತ್ರುವಿಗೆ ಒಪ್ಪಿಸುವುದು ಇದರ ಹಳೆಯ ಬಳಕೆಗಳಲ್ಲೊಂದು. ಚಟವನ್ನು ಬಿಡುವುದು, ಆಸೆಯನ್ನು ಬಿಡುವುದು, ಪ್ರಯತ್ನವನ್ನು ಬಿಡುವುದು ಎಲ್ಲವೂ ಈ ಒಪ್ಪಿಸುವಿಕೆಯ ನೆರಳಿನಲ್ಲಿಯೇ ಬೆಳೆದ ಅರ್ಥಗಳು. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿಯೂ ‘ಔಫ್‌ಗೇಬೆನ್’ ಎಂಬ ಇಂಥದೇ ಶಬ್ದವಿದೆ. ಅದರ ಬಿಡಿ ಅರ್ಥವೂ ‘ಮೇಲೆ ಕೊಡು’. ಬಳಕೆಯ ಅರ್ಥವೂ ‘ಬಿಡು’.

ಈಗ ನಮ್ಮ ಮನೆಯ ಕಡೆಗೆ ತಿರುಗಿ ನೋಡೋಣ. ‘ಪೂರ್ತಿಯಾಗಿ’ ಎಂಬ ಅರ್ಥಕ್ಕೆ ಇಂಗ್ಲಿಷರು ಅವ್ಯಯವನ್ನು ಹಚ್ಚಿದರೆ ನಾವು ಎರಡನೆಯದೊಂದು ಕ್ರಿಯಾಪದವನ್ನು ಹಚ್ಚುತ್ತೇವೆ. ‘ತಿಂದ’ ಎಂಬುದು ಒಂದು ಸಂಗತಿ. ‘ತಿಂದುಬಿಟ್ಟ’, ‘ತಿಂದುಹಾಕಿದ’ ಎಂಬುವು ಬೇರೆ ಸಂಗತಿಗಳು. ‘ತಿಂದುಬಿಟ್ಟ’ ಎಂಬಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ, ಬಿಡದೆ ತಿಂದಿದ್ದಾನೆ. ‘ಅಪ್’ ತನ್ನ ಮೇಲಿನ ಅರ್ಥವನ್ನು ಕಳೆದುಕೊಂಡಂತೆ ನಮ್ಮ ‘ಬಿಡು’ ಇಲ್ಲಿ ತನ್ನ ಬಿಡುವ ಅರ್ಥವನ್ನು ಕಳೆದುಕೊಂಡಿದೆ. ನಮ್ಮ ತೊರಗಲ್ ಸೀಮೆಯ ಮಾತಿನಲ್ಲಂತೂ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ‘ಅಂವ ಶಾಣ್ಯಾ ಬಿಡ್ರಿ’ ಎಂದರೆ ಆತ ಜಾಣನೆಂಬುದರಲ್ಲಿ ಸಂಶಯವಿಲ್ಲ ಎಂದರ್ಥ. ಇಲ್ಲಿ ‘ಬಿಡು’ ಕ್ರಿಯಾಪದವಾಗಿಯೂ ಉಳಿದಿಲ್ಲ. ಮಾತಿಗೆ ಒತ್ತು ಕೊಡುವ ಒಂದು ಗುಂಡಿಯಾಗಿದೆ. ಇಷ್ಟನ್ನು ದಿನಬೆಳಗಾದರೆ ಆಡುವ ಮಗುವಿಗೆ ‘ಗಿವ್ ಅಪ್’ ಏಕೆ ಪರಕೀಯವಾಗಬೇಕು?

ಒಂದು ಸೋಜಿಗವನ್ನು ಗಮನಿಸಿರಿ. ‘ಕೊಡು’ ಮತ್ತು ‘ಬಿಡು’ ಎಂಬ ಎರಡೇ ಕ್ರಿಯಾಪದಗಳನ್ನು ತೆಗೆದುಕೊಳ್ಳೋಣ. ‘ಕೊಟ್ಟುಬಿಟ್ಟ’ ಎಂದರೆ ಕೊಡುವ ಕೆಲಸ ಮುಗಿಯಿತು, ಹಿಂದೆಮುಂದೆ ನೋಡಲಿಲ್ಲ ಎಂದರ್ಥ. ಅವನ್ನೇ ತಿರುವಿ ‘ಬಿಟ್ಟುಕೊಟ್ಟ’ ಎಂದು ನೋಡಿರಿ. ತನ್ನದಾಗಿದ್ದುದನ್ನು, ತಾನು ಇಟ್ಟುಕೊಳ್ಳಬಹುದಾಗಿದ್ದುದನ್ನು ಇನ್ನೊಬ್ಬರಿಗಾಗಿ ತೆರವು ಮಾಡಿದ ಎಂಬ ಅರ್ಥ ಬರುತ್ತದೆ. ‘ಬಿಟ್ಟ’ ಎನ್ನುವುದಕ್ಕೆ ಬಿಟ್ಟವನೊಬ್ಬನಿದ್ದರೆ ಸಾಕು. ‘ಬಿಟ್ಟುಕೊಟ್ಟ’ ಎನ್ನಬೇಕಾದರೆ ಪಡೆದವನೊಬ್ಬನೂ ಬೇಕು. ಬೀಡಿಯನ್ನು ಬಿಡಬಹುದು, ಬಿಟ್ಟುಕೊಡಲು ಬರುವುದಿಲ್ಲ. ಬಸ್ಸಿನಲ್ಲಿ ಮುದುಕಿಗೆ ಜಾಗವನ್ನು ಬಿಟ್ಟುಕೊಡುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಗಿವ್ ಅಪ್’ ಒಂದೇ ಸಾಕಾಗುತ್ತದೆ.

ಬೀಡಿಯ ಮಾತು ಬಂದದ್ದರಿಂದ ವ್ಯಾಕರಣದ ಒಂದು ಸಣ್ಣ ಸಂಗತಿಯನ್ನು ಹೇಳಿ ಮುಂದುವರಿಯುತ್ತೇನೆ. ‘ಗಿವ್ ಅಪ್’ ಆದ ಮೇಲೆ ‘ಸ್ಮೋಕಿಂಗ್’ ಎಂದು ನಾಮರೂಪ ಬರಬೇಕು. ‘ಟು ಸ್ಮೋಕ್’ ಎಂದು ಬರಕೂಡದು ಎಂದು ಮಾಸ್ತರರು ಕಲಿಸುತ್ತಾರೆ, ಹುಡುಗರು ಮರೆಯುತ್ತಾರೆ. ಕನ್ನಡದಲ್ಲಿ ‘ಬೀಡಿ ಸೇದುವುದನ್ನು ಬಿಟ್ಟ’ ಎನ್ನುವುದಕ್ಕೂ ‘ಬೀಡಿ ಸೇದಿಬಿಟ್ಟ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದರೆ ಯಾವ ಹುಡುಗನೂ ಮರೆಯಲಾರ. ಮೊದಲನೆಯವನು ಚಟದಿಂದ ಪಾರಾದ. ಎರಡನೆಯವನು ತಡೆಯಲಾರದೆ ಸೇದಿಯೇ ತೀರಿದ. ಬಿಡುವ ವಸ್ತು ನಾಮರೂಪದಲ್ಲಿ ನಿಲ್ಲಬೇಕೆಂಬ ನಿಯಮ ಎರಡೂ ಭಾಷೆಗಳಿಗೆ ಸಮಾನ. ಅಂತೆಯೇ ‘ಅದನ್ನು ಬಿಡು’ ಎನ್ನಲು ‘ಗಿವ್ ಇಟ್ ಅಪ್’ ಎನ್ನಬೇಕು, ‘ಗಿವ್ ಅಪ್ ಇಟ್’ ಎನ್ನಲಾಗದು. ಸರ್ವನಾಮ ನಡುವೆ ಬರುತ್ತದೆ.

ಇನ್ನು ನಿತ್ಯದ ಬಳಕೆಗಳಿಗೆ ಬರೋಣ. ಒಗಟು ಬಿಡಿಸಲಾಗದ ಇಂಗ್ಲಿಷ್ ಮಗು ‘ಐ ಗಿವ್ ಅಪ್’ ಎನ್ನುತ್ತದೆ. ನಮ್ಮ ಮಗು ‘ಸೋತೆ, ನೀನೇ ಬಿಡಿಸು’ ಎನ್ನುತ್ತದೆ. ವೈದ್ಯರು ರೋಗಿಯ ಆಸೆ ಬಿಟ್ಟರೆ ನಾವು ‘ಡಾಕ್ಟರು ಕೈಚೆಲ್ಲಿದರು’ ಎನ್ನುತ್ತೇವೆ. ಗೆಳೆಯ ಕಷ್ಟಕಾಲದಲ್ಲಿ ದೂರವಾದರೆ ‘ಕೈಬಿಟ್ಟ’ ಎನ್ನುತ್ತೇವೆ. ಕೈಚೆಲ್ಲಿದವನು ಪ್ರಯತ್ನಪಟ್ಟು ಸೋತವನು. ಕೈಬಿಟ್ಟವನು ಹಿಡಿದ ಕೈಯನ್ನು ತಾನಾಗಿ ಸಡಿಲಿಸಿದವನು. ಒಬ್ಬನ ಮೇಲೆ ನಮಗೆ ಕರುಣೆ, ಇನ್ನೊಬ್ಬನ ಮೇಲೆ ದೂರು. ಗುಟ್ಟನ್ನು ಹೊರಗೆಡಹದವನನ್ನು, ಹತ್ತು ಮಂದಿಯ ಮುಂದೆ ಗೆಳೆಯನ ಮಾನ ಕಾಯ್ದವನನ್ನು ‘ಬಿಟ್ಟುಕೊಡಲಿಲ್ಲ’ ಎಂದು ಮೆಚ್ಚುತ್ತೇವೆ. ಜ್ವರವೂ ನಮ್ಮಲ್ಲಿ ಬಿಡುತ್ತದೆ, ಮಳೆಯೂ ಬಿಡುತ್ತದೆ, ಸಂಜೆ ಐದಕ್ಕೆ ಸಾಲಿಯೂ ಬಿಡುತ್ತದೆ. ಇವು ಯಾವುವೂ ‘ಗಿವ್ ಅಪ್’ಗೆ ಒಗ್ಗುವುದಿಲ್ಲ. ಅದಕ್ಕೆ ಮನಸ್ಸುಳ್ಳ ಕರ್ತೃ ಬೇಕು. ಮನಸ್ಸು ಒಂದಕ್ಕೆ ಅಂಟಿಕೊಂಡಿರಬೇಕು.

ಬಸ್ಸಿನ ಜಾಗದ ಮಾತು ನಮಗೆ ಸಣ್ಣದಾಗಿ ಕಂಡೀತು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ‘ಗಿವ್ ಅಪ್’ ಎಂಬ ಮಾತಿನ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆದದ್ದು ಒಂದು ಬಸ್ಸಿನಲ್ಲಿಯೇ. 1955ರ ಡಿಸೆಂಬರ್ 1ರಂದು ಅಮೇರಿಕದ ಮಾಂಟ್‌ಗೊಮರಿ ಪಟ್ಟಣದಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಿಳಿಯನೊಬ್ಬನಿಗಾಗಿ ತನ್ನ ಆಸನವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಕೆಯನ್ನು ಬಂಧಿಸಿದರು. ಅಲ್ಲಿಯ ಕರಿಯರು 381 ದಿನ ಬಸ್ಸನ್ನೇ ಹತ್ತಲಿಲ್ಲ. ಕೊನೆಗೆ ಬಸ್ಸಿನಲ್ಲಿಯ ವರ್ಣಭೇದದ ಕಾನೂನೇ ಬಿದ್ದುಹೋಯಿತು. ಆಕೆ ‘ಏಳಲಿಲ್ಲ’ ಎಂದರೆ ಅದು ಬರಿಯ ವರದಿ. ‘ಬಿಟ್ಟುಕೊಡಲಿಲ್ಲ’ ಎಂದಾಗ ಆ ಜಾಗ ಆಕೆಯದಾಗಿತ್ತು ಎಂಬ ನ್ಯಾಯವೂ ಅದರಲ್ಲಿ ಸೇರುತ್ತದೆ. ನಮ್ಮ ದೇಶದಲ್ಲಿ 2015ರಲ್ಲಿ ಅನುಕೂಲಸ್ಥರು ಅಡಿಗೆ ಅನಿಲದ ಸಹಾಯಧನವನ್ನು ತಾವಾಗಿ ಬಿಟ್ಟುಕೊಡಬೇಕೆಂದು ಕೇಂದ್ರ ಸರಕಾರ ಕೇಳಿಕೊಂಡಾಗ ಆ ಯೋಜನೆಗೆ ಇಟ್ಟ ಹೆಸರೂ ‘ಗಿವ್ ಇಟ್ ಅಪ್’ ಎಂದೇ ಇತ್ತು. ಒಂದು ಕೋಟಿಗಿಂತ ಹೆಚ್ಚು ಮನೆಗಳು ಒಂದು ವರ್ಷದ ಸುಮಾರಿನಲ್ಲಿ ಹಾಗೆ ಬಿಟ್ಟುಕೊಟ್ಟವು. ಬಿಟ್ಟುಕೊಡದಿರುವುದು ಒಂದು ಕಡೆ ಧೀರತನವಾದರೆ ಬಿಟ್ಟುಕೊಡುವುದು ಇನ್ನೊಂದು ಕಡೆ ಔದಾರ್ಯವಾಯಿತು. ಮಾತು ಒಂದೇ. ಯಾರು ಕೇಳಿದರು, ಯಾರು ಕೊಟ್ಟರು, ಮನಸ್ಸಿತ್ತೋ ಇಲ್ಲವೋ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಈ ‘ಯಾರು’ ಎಂಬ ಪ್ರಶ್ನೆಯನ್ನು ನಮ್ಮ ನೆಲದ ಇತಿಹಾಸಕ್ಕೆ ಹಚ್ಚಿ ನೋಡೋಣ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ದೊರೆ ತೀರಿಕೊಂಡ ಮೇಲೆ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತ. ಆ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನವರನ್ನು ಬೈಲಹೊಂಗಲದ ಸೆರೆಯಲ್ಲಿಟ್ಟರು. 1829ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಯುವವನು ಕೋಟೆಯನ್ನು ‘ಗಿವ್ ಅಪ್’ ಮಾಡಲಾಯಿತು ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಅದನ್ನು ಕನ್ನಡಕ್ಕೆ ತರುವವನು ‘ಬಿಟ್ಟುಕೊಟ್ಟರು’ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಮ್ಮನವರು ಕೋಟೆಯನ್ನು ಕಳೆದುಕೊಂಡರು, ಬಿಟ್ಟುಕೊಡಲಿಲ್ಲ.

ಅವರ ಬಂಟ ಸಂಗೊಳ್ಳಿಯ ರಾಯಣ್ಣನ ಕಥೆಯಲ್ಲಿ ಇದೇ ಇಂಗ್ಲಿಷ್ ಮಾತಿನ ಇನ್ನೊಂದು ಅರ್ಥ ಬರುತ್ತದೆ. ಅಡಗಿದವನನ್ನು ಸರಕಾರದ ಕೈಗೆ ಒಪ್ಪಿಸುವುದಕ್ಕೂ ‘ಗಿವ್ ಅಪ್’ ಎಂದೇ ಹೇಳುತ್ತಾರೆ. ರಾಯಣ್ಣನನ್ನು 1830ರಲ್ಲಿ ಮೋಸದಿಂದ ಹಿಡಿದು ಮರುವರ್ಷ ನಂದಗಡದಲ್ಲಿ ಗಲ್ಲಿಗೇರಿಸಿದರು. ನಮ್ಮ ಜನ ಇದನ್ನು ‘ಹಿಡಿದುಕೊಟ್ಟರು’ ಎಂಬ ಮಾತಿನಲ್ಲಿ ಹೇಳುತ್ತಾರೆ. ‘ಕೊಟ್ಟರು’ ಎಂಬ ದಾನದ ಶಬ್ದ ‘ಹಿಡಿದು’ ಎಂಬುದರ ಬೆನ್ನಿಗೆ ಬಂದೊಡನೆ ದ್ರೋಹದ ಶಬ್ದವಾಗುತ್ತದೆ. ತನ್ನನ್ನು ತಾನೇ ಒಪ್ಪಿಸಿಕೊಳ್ಳುವುದಕ್ಕೆ ನಮ್ಮಲ್ಲಿ ‘ಶರಣಾಗು’ ಎಂಬ ಮಾತಿದೆ. ಪೊಲೀಸರಿಗೆ ಶರಣಾಗುವವನೂ ಇದ್ದಾನೆ, ದೇವರಿಗೆ ಶರಣಾಗುವವನೂ ಇದ್ದಾನೆ. ಹನ್ನೆರಡನೆಯ ಶತಮಾನದಿಂದ ‘ಶರಣ’ ಎಂಬುದನ್ನು ಗೌರವದ ಹೆಸರನ್ನಾಗಿ ಬಾಳಿಸಿಕೊಂಡು ಬಂದ ನಾಡು ಇದು. ಆದ್ದರಿಂದ ಸೋಲಿನ ಶರಣಾಗತಿಗೂ ಭಕ್ತಿಯ ಶರಣಾಗತಿಗೂ ಇರುವ ಅಂತರವನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇತಿಹಾಸದಿಂದ ಈಚೆಗೆ ಬಂದರೂ ಪ್ರಶ್ನೆ ಮುಗಿಯುವುದಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು. ನೀರು ಬಂದು ಕೆಳಗಿನ ಎಷ್ಟೋ ಹೊಲಗಳು ಹಸಿರಾದವು. ಮೇಲಿನ ಎಷ್ಟೋ ಹೊಲಮನೆಗಳು ಮುಳುಗಡೆಯಾದವು. ಮುಳುಗಡೆಯವರ ವಿಷಯದಲ್ಲಿ ‘ಜಮೀನು ಬಿಟ್ಟುಕೊಟ್ಟರು’ ಎಂದು ಬರೆಯುವುದುಂಟು. ಅವರ ಮಾತನ್ನು ಕೇಳಿದರೆ ‘ಊರು ಬಿಡಬೇಕಾತು’ ಎನ್ನುತ್ತಾರೆ. ‘ಬಿಟ್ಟೆವು’ ಎಂಬುದಕ್ಕೂ ‘ಬಿಡಬೇಕಾಯಿತು’ ಎಂಬುದಕ್ಕೂ ನಡುವೆ ಇರುವುದು ಒಂದೇ ಸಹಾಯಕ ಕ್ರಿಯೆ. ಒಂದು ಪೀಳಿಗೆಯ ದುಃಖವೆಲ್ಲ ಆ ಒಂದು ಸಹಾಯಕ ಕ್ರಿಯೆಯಲ್ಲಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಸೂಕ್ಷ್ಮ ಇನ್ನೂ ಹೆಚ್ಚಿನ ಮಹತ್ವದ್ದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕದ ತಿದ್ದುಪಡಿ 1994ರಲ್ಲಿ ಹೇಳಿತು. ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂದಿತು. ಆದರೆ ವಾಟಣಿಯ ಸಮಯದಲ್ಲಿ ತಂಗಿಯನ್ನು ತವರಿಗೆ ಕರೆಸಿ, ಸೀರೆ ಉಡಿಸಿ, ಸಬ್‌ರಜಿಸ್ಟ್ರಾರರ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸುವುದು ನಿಂತಿಲ್ಲ. ಪತ್ರದಲ್ಲಿ ಆಕೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದಾಳೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಪತ್ರದಲ್ಲಿ ಕಲಮು ಇಲ್ಲ. ಸಂತೋಷದಿಂದ ಬಿಟ್ಟುಕೊಡುವ ತಂಗಿಯರೂ ಇದ್ದಾರೆಂಬುದು ನಿಜ. ಆದರೆ ಎರಡಕ್ಕೂ ಒಂದೇ ಕ್ರಿಯಾಪದವನ್ನು ಬರೆದಾಗ ಓದುವವನಿಗೆ ಯಾವುದು ಯಾವುದೆಂದು ತಿಳಿಯುವ ಬಗೆ ಹೇಗೆ?

ಗಂಡನಿಲ್ಲದೆ ಬಾಳುವ ಹೆಣ್ಣಿನ ಬಗೆಗೆ ನಮ್ಮಲ್ಲಿ ‘ಗಂಡ ಬಿಟ್ಟಾಕಿ’ ಎನ್ನುತ್ತಾರೆ. ಗಂಡನೇ ಬಿಟ್ಟವಳು ಎಂದರ್ಥ. ‘ಗಂಡನ್ನ ಬಿಟ್ಟಾಕಿ’ ಎಂದರೆ ಆಕೆಯೇ ಗಂಡನನ್ನು ಬಿಟ್ಟವಳು. ನಡುವಿನ ಒಂದು ಒತ್ತಕ್ಷರದಲ್ಲಿ ತಪ್ಪಿತಸ್ಥರು ಅದಲುಬದಲಾಗುತ್ತಾರೆ. ಊರ ಮಂದಿ ಗಡಿಬಿಡಿಯಲ್ಲಿ ಆ ಒತ್ತನ್ನು ಹಚ್ಚುವುದೂ ಉಂಟು, ನುಂಗುವುದೂ ಉಂಟು. ಎರಡೂ ಸಲ ಮಾತು ಕೇಳಬೇಕಾದವಳು ಆಕೆಯೇ. ವಿಭಕ್ತಿ ಪ್ರತ್ಯಯವನ್ನು ಪರೀಕ್ಷೆಯ ಸಲುವಾಗಿ ಮಾತ್ರ ಕಲಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಸವದತ್ತಿಯ ಹೆಸರು ಬಂದ ಮೇಲೆ ಎಲ್ಲಮ್ಮನ ಗುಡ್ಡದ ಮಾತನ್ನು ಆಡದೆ ಇರಲಾಗದು. ಭರತಹುಣ್ಣಿಮೆಗೆ ಲಕ್ಷಗಟ್ಟಲೆ ಜನ ನಡೆದುಕೊಳ್ಳುವ ಕ್ಷೇತ್ರವದು. ಆ ಭಕ್ತಿಯನ್ನು ನಾನು ಹಗುರವಾಗಿ ನೋಡುವವನಲ್ಲ. ಆದರೆ ಮುತ್ತು ಕಟ್ಟಿದ ಹುಡುಗಿಯರನ್ನು ಕುರಿತು ಜನ ಬಳಸುತ್ತಿದ್ದ ಕ್ರಿಯಾಪದವನ್ನು ನೆನೆಯಿರಿ. ‘ದೇವರಿಗೆ ಬಿಟ್ಟಾರ’ ಎನ್ನುತ್ತಿದ್ದರು. ಗೂಳಿಯನ್ನು ದೇವರಿಗೆ ಬಿಡುತ್ತಾರೆ; ಕೋಣವನ್ನು ಬಿಡುತ್ತಾರೆ; ಅದೇ ಮಾತಿನಲ್ಲಿ ಮಗಳನ್ನೂ ಬಿಟ್ಟರು. ‘ಬಿಟ್ಟ’ ಕರ್ತೃಗಳು ತಂದೆತಾಯಿ, ಹಿರಿಯರು, ಬಡತನ. ಬಿಟ್ಟದ್ದು ಒಂದು ಬಾಳು. 1934ರಲ್ಲಿ ಮುಂಬಯಿ ಪ್ರಾಂತದ ಕಾಯ್ದೆಯೂ 1982ರಲ್ಲಿ ಕರ್ನಾಟಕದ ಕಾಯ್ದೆಯೂ ಇದನ್ನು ನಿಷೇಧಿಸಿದವು. ಕಾಯ್ದೆಯ ಭಾಷೆಯಲ್ಲಿ ಅದು ‘ಸಮರ್ಪಣೆ’. ಹೂವನ್ನು ಏರಿಸುವುದಕ್ಕೂ ನಾವು ಸಮರ್ಪಣೆ ಎಂದೇ ಅನ್ನುತ್ತೇವೆ. ಹಳ್ಳಿಯ ‘ಬಿಟ್ಟಾರ’ ಎಂಬುದು ಒರಟಾದರೂ ಪ್ರಾಮಾಣಿಕವಾದ ಮಾತು. ಅದರಲ್ಲಿ ಬಿಟ್ಟವರು ಬೇರೆ, ಬಿಡಲ್ಪಟ್ಟವಳು ಬೇರೆ ಎಂಬುದು ಮರೆಯಾಗುವುದಿಲ್ಲ.

ಕೊನೆಯದಾಗಿ ಸಾಲಿಯ ಮಾತು. ‘ಸಾಲಿ ಬಿಟ್ಟೈತಿ’ ಎಂದರೆ ಗಂಟೆ ಬಾರಿಸಿತು, ಮಕ್ಕಳು ಮನೆಗೆ ಬರುತ್ತಾರೆ. ‘ಸಾಲಿ ಬಿಟ್ಟಾಳ’ ಎಂದರೆ ಆಕೆ ಇನ್ನು ಹೋಗುವುದಿಲ್ಲ. ‘ಸಾಲಿ ಬಿಡಿಸ್ಯಾರ’ ಎಂದರೆ ಹೋಗಬೇಕೆಂದಿದ್ದವಳನ್ನು ಹೋಗಗೊಡಲಿಲ್ಲ. ನಮ್ಮ ಎರೆಯ ಹೊಲಗಳಲ್ಲಿ ಹತ್ತಿ ಒಡೆದಾಗ ಕೈಗಳು ಸಾಲುವುದಿಲ್ಲ. ಹತ್ತಿ ಬಿಡಿಸಲು ಹುಡುಗಿಯ ಸಾಲಿ ಬಿಡಿಸುತ್ತಾರೆ. ಒಂದೇ ಕ್ರಿಯಾಪದ ಒಂದೇ ವಾಕ್ಯದಲ್ಲಿ ಎರಡು ಸಲ ಬಂದು ಅವಳ ಬಾಳನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತದೆ. ಆದರೆ ಹಾಜರಿಪುಸ್ತಕದಲ್ಲಿ ಆಕೆ ‘ಸಾಲಿ ಬಿಟ್ಟವಳು’ ಎಂದೇ ದಾಖಲಾಗುತ್ತಾಳೆ. ಇಂಗ್ಲಿಷಿಗೆ ತಿರುಗಿಸುವವನು ಆಕೆ ಓದನ್ನು ‘ಗಿವ್ ಅಪ್’ ಮಾಡಿದಳು ಎಂದು ಬರೆಯುತ್ತಾನೆ. ಹಾಗೆ ಬರೆದಾಗ ತಪ್ಪು ಆಕೆಯದೇ ಆಯಿತು. ‘ಬಿಡಿಸು’ ಎಂಬ ಮಾತಿಗೆ ಬಂಧನದಿಂದ ಬಿಡುಗಡೆ ಮಾಡು ಎಂಬ ಅರ್ಥವೂ ಉಂಟೆಂಬುದನ್ನು ನೆನೆದರೆ ಮನಸ್ಸಿಗೆ ಇನ್ನಷ್ಟು ಖೇದವಾಗುತ್ತದೆ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು. ಇಂಗ್ಲಿಷಿನ ಇಂಥ ಕ್ರಿಯಾಪದಗಳನ್ನು ಪಟ್ಟಿ ಮಾಡಿ, ಎದುರಿಗೆ ಒಂದೊಂದು ಅರ್ಥ ಬರೆಸಿ, ಬಾಯಿಪಾಠ ಮಾಡಿಸಬೇಡಿರಿ. ‘ಗಿವ್ ಅಪ್’ ಎಂದು ಹಲಗೆಯ ಮೇಲೆ ಬರೆದು ಮಕ್ಕಳನ್ನೇ ಕೇಳಿರಿ. ಬಿಡು, ಬಿಟ್ಟುಬಿಡು, ಬಿಟ್ಟುಕೊಡು, ಕೈಬಿಡು, ಕೈಚೆಲ್ಲು, ಹಿಡಿದುಕೊಡು, ಶರಣಾಗು ಎಂದು ಅವರು ತಮ್ಮ ಮನೆಯಿಂದಲೇ ತಂದು ಕೊಡುತ್ತಾರೆ. ಆಗ ಒಂದು ಇಂಗ್ಲಿಷ್ ಮಾತಿನ ಹಿಂದೆ ತಮ್ಮ ಏಳು ಮಾತುಗಳು ನಿಂತಿರುವುದನ್ನು ಕಂಡು ಅವರ ಅಂಜಿಕೆ ಹೋಗುತ್ತದೆ. ಅನುವಾದಕರಲ್ಲಿ, ಪತ್ರಿಕೆಗೆ ಬರೆಯುವವರಲ್ಲಿ ಇನ್ನೊಂದು ಬಿನ್ನಹ. ‘ಗಿವ್ ಅಪ್’ ಎಂದು ಕಂಡೊಡನೆ ಕೈಗೆ ಸಿಕ್ಕ ಕನ್ನಡ ಮಾತನ್ನು ಇಟ್ಟುಬಿಡದೆ ಬಿಟ್ಟವರು ಯಾರು, ಪಡೆದವರು ಯಾರು, ಬಿಡಿಸಿದವರು ಯಾರು ಎಂದು ಒಂದು ಗಳಿಗೆ ವಿಚಾರಿಸಿರಿ. ಕನ್ನಡಕ್ಕೆ ಅದನ್ನು ಹೇಳುವ ಶಕ್ತಿ ಇದೆ. ಹೇಳುವುದು ಬಿಡುವುದು ನಮ್ಮ ಕೈಯಲ್ಲಿದೆ.

ತರುಣರು ‘ಗಿವ್ ಅಪ್ ಮಾಡಬ್ಯಾಡ’ ಎನ್ನುವುದನ್ನು ನಾನು ತಡೆಯಲು ಹೋಗುವುದಿಲ್ಲ. ಅದೂ ಧೈರ್ಯ ಹೇಳುವ ಮಾತೇ. ಅದರ ಮಗ್ಗುಲಲ್ಲಿ ‘ಹಿಡಿದದ್ದ ಬಿಡಬ್ಯಾಡ’, ‘ನಿನ್ನ ಪಾಲು ಬಿಟ್ಟುಕೊಡಬ್ಯಾಡ’, ‘ಗೆಳ್ಯಾನ್ನ ಕೈಬಿಡಬ್ಯಾಡ’ ಎಂಬ ಮಾತುಗಳೂ ಬಾಳಲಿ ಎಂದಷ್ಟೇ ಆಶಿಸುತ್ತೇನೆ.